ಹೊಟ್ಟೆಯ ಕಥೆ ನಗುತ್ತಾ ಹೇಳಿಕೊಡುವುದು ಹೇಗೆ: ತುತ್ತಿನಿಂದ ‘ಎರಡಕ್ಕ’ದ ತನಕ

ನಾಲ್ಕರಿಂದ ಎಂಟು ವರ್ಷದ ಮಕ್ಕಳ ನಡುವೆ ಕುಳಿತು ‘ಹೂಸು’ ಅಂದು ನೋಡಿ. ಇಡೀ ಕೋಣೆ ಬಿದ್ದು ಬಿದ್ದು ನಗುತ್ತದೆ. ದೊಡ್ಡವರು ಆಗ ಒಂದೋ ‘ಛೀ, ಹೊಲಸು ಮಾತಾಡಬ್ಯಾಡ’ ಅಂತ ಗದರುತ್ತಾರೆ, ಇಲ್ಲಾ ಮುಸಿಮುಸಿ ನಕ್ಕು ಮಾತು ತಿರುಗಿಸುತ್ತಾರೆ. ಮಗು ಕಿವಿ ನಿಮಿರಿಸಿಕೊಂಡು ಕೇಳಲು ಸಿದ್ಧವಾಗಿದ್ದ ಹೊತ್ತು ಹಾಗೇ ಹೋಗಿಬಿಡುತ್ತದೆ.

ನಗುವಿಗೆ ಇಲ್ಲಿ ದೊಡ್ಡ ಕೆಲಸವಿದೆ. ನಾಚಿಕೆ ಬಿಟ್ಟ ಮಗು ‘ಅವ್ವಾ, ಮೂರು ದಿನ ಆತು, ಎರಡಕ್ಕ ಬಂದಿಲ್ಲ’ ಅನ್ನುತ್ತದೆ. ನಾಚಿಕೊಳ್ಳುವ ಮಗು ಸುಮ್ಮನೆ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂರುತ್ತದೆ. ಡಾಕ್ಟರ್ ಮುಂದೆ ಕೂತಾಗಲೂ ಬಾಯಿ ಬಿಡುವುದಿಲ್ಲ. ಹಾಗಾಗಿ ಈ ಪಾಠಕ್ಕೆ ನಗೆಯೇ ಬಾಗಿಲು. ಸಾಮಾನೆಲ್ಲ ಅಡುಗೆಮನೆ, ಹಿತ್ತಲಿನಲ್ಲೇ ಸಿಗುತ್ತದೆ. ಒಂದೇ ದಿನ ಎಲ್ಲ ಮುಗಿಸಬೇಡಿ. ವಾರಕ್ಕೆ ಒಂದೆರಡು ಹಂತ ಸಾಕು.

ಹಂತ 1: ಮನೆಯ ಮಾತು ಗೊತ್ತು ಮಾಡಿಕೊಳ್ಳಿ

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೊಂದು ತಲೆಮಾರಿಗೆ ಒಂದೊಂದು ಮಾತು. ಶಾಲೆಯಲ್ಲಿ ಒಂದಕ್ಕ, ಎರಡಕ್ಕ. ಅಂಗನವಾಡಿಯ ಪುಟ್ಟವರಿಗೆ ಉಚ್ಚಿ, ಕಕ್ಕ. ಅಜ್ಜ ಇನ್ನೂ ‘ಹೊರಕಡಿಗೆ’ ಹೋಗುತ್ತಾನೆ, ಸಂಡಾಸು ಮನೆಯೊಳಗೇ ಇದ್ದರೂ! ಯಾವುದಾದರೂ ಇರಲಿ, ಮನೆಯವರೆಲ್ಲ ನಾಚದೆ ಆಡುವ ಮಾತು ಆರಿಸಿಕೊಳ್ಳಿ. ಅಜ್ಜ ಅಜ್ಜಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನೀವು ಪಾಠ ಮಾಡುವಾಗ ಹಿಂದಿನಿಂದ ‘ಏನ್ ಹೊಲಸ ಕಲಸಾಕತ್ತೀಯವಾ’ ಅಂತ ದನಿ ಬರುತ್ತದೆ. ಅಲ್ಲಿಗೆ ಪಾಠ ಮುಗಿಯಿತು.

ಇದೇ ಹೊತ್ತಿಗೆ ಚಡ್ಡಿಯೊಳಗಿನ ಭಾಗಗಳಿಗೂ ಸರಿಯಾದ ಹೆಸರು ಹೇಳಿಕೊಡಿ. ತೊಳೆಯಲು ಯಾರು ಸಹಾಯ ಮಾಡಬಹುದು ಅನ್ನುವುದೂ ಸ್ಪಷ್ಟವಾಗಿರಲಿ: ಅವ್ವ, ಅಪ್ಪ, ಅಜ್ಜಿ, ಹೀಗೆ ಬೆರಳೆಣಿಕೆಯ ಮಂದಿ. ಬೇರೆ ಯಾರಾದರೂ ಅಲ್ಲಿ ಮುಟ್ಟಿದರೆ, ‘ಯಾರಿಗೂ ಹೇಳಬ್ಯಾಡ’ ಅಂದರೆ, ಓಡಿ ಬಂದು ಮನೆಯಲ್ಲಿ ಹೇಳಬೇಕು. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲೂ ಇರಲಿ. ಇದು ಮಾತ್ರ ನಗದೆ ಹೇಳುವ ಪಾಠ.

ಹಂತ 2: ಬಾಯಿಯಿಂದ ಶುರು ಮಾಡಿ

ಒಂದು ತುಂಡು ಜೋಳದ ಖಡಕ್ ರೊಟ್ಟಿ ಕೊಡಿ. ಪಲ್ಯ ಬೇಡ, ಚಟ್ನಿ ಬೇಡ. ನುಂಗದೆ ಒಂದು ನಿಮಿಷ ಅಗಿಯಲು ಹೇಳಿ. ಮೊದಲು ಸಪ್ಪೆ. ಅಗಿಯುತ್ತಾ ಹೋದಂತೆ ಸಣ್ಣಗೆ ಸಿಹಿ ಬರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ರಸ ಜೋಳದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿರುತ್ತದೆ. ಹೊಟ್ಟೆಗೆ ಹೋಗುವ ಮೊದಲೇ ಅಡುಗೆ ಶುರುವಾಗಿದೆ ಅನ್ನುವುದು ಮಗುವಿಗೆ ನಾಲಿಗೆಯಲ್ಲೇ ಗೊತ್ತಾಗುತ್ತದೆ.

ಈಗ ಒಂದು ಲೀಟರಿನ ನೀರಿನ ಬಾಟಲಿ ತಂದಿಡಿ. ‘ದೊಡ್ಡವರ ಬಾಯಾಗ ದಿನಾ ಇಷ್ಟು ಜೊಲ್ಲು ಬರತೈತಿ’ ಅನ್ನಿ. ಒಂದರಿಂದ ಒಂದೂವರೆ ಲೀಟರ್, ನಿಜಕ್ಕೂ. ‘ಅದನ್ನೆಲ್ಲಾ ನಾವು ನುಂಗತೀವೇನು?’ ಅಂತ ಮಕ್ಕಳು ಕಿರುಚುತ್ತಾರೆ. ಹೌದು, ನುಂಗುತ್ತೇವೆ.

ಗಂಟಲಲ್ಲಿ ಎರಡು ದಾರಿ ಇವೆ, ಒಂದು ಗಾಳಿಗೆ, ಒಂದು ಊಟಕ್ಕೆ. ನುಂಗುವಾಗ ಗಾಳಿಯ ದಾರಿಗೆ ಒಂದು ಮುಚ್ಚಳ ಬೀಳುತ್ತದೆ. ಬಾಯಿ ತುಂಬಿಕೊಂಡು ನಕ್ಕರೆ ಮುಚ್ಚಳಕ್ಕೆ ಗೊಂದಲ. ಆದ್ದರಿಂದ ಒಂದು ಕಟ್ಟುನಿಟ್ಟು: ಮಗುವಿನ ಬಾಯಲ್ಲಿ ತುತ್ತು ಇದ್ದಾಗ ಹೂಸಿನ ಜೋಕು ಹೇಳಬೇಡಿ. ನಮ್ಮ ಕಡೆ ಶೇಂಗಾ, ಪುಟಾಣಿ ಕೈಗೆ ಕೊಟ್ಟು ಕೂರಿಸುವುದು ಜಾಸ್ತಿ. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಕಾಳು ಬೇಡ, ಕುಟ್ಟಿ ಕೊಡಿ.

ಅನ್ನನಾಳಕ್ಕೆ ಹಳೆಯ ಉದ್ದನೆಯ ಸಾಕ್ಸ್ ಸಾಕು. ಒಳಗೆ ಒಂದು ಲಿಂಬೆಹಣ್ಣು ಹಾಕಿ, ಅದರ ಹಿಂದೆ ಮುಷ್ಟಿ ಹಿಚುಕುತ್ತಾ ಮುಂದೆ ತಳ್ಳಿ. ಸಾಕ್ಸನ್ನು ತಲೆಕೆಳಗು ಹಿಡಿದರೂ ಲಿಂಬೆಹಣ್ಣು ಮುಂದೆ ಹೋಗುತ್ತದೆ. ‘ಹಂಗಾರ ತಲಿಕೆಳಗ ನಿಂತು ಉಂಡ್ರೂ ಹೊಟ್ಟಿಗೆ ಹೋಗತೈತಿ?’ ಹೋಗುತ್ತದೆ. ಆದರೆ ಮಾಡಿ ನೋಡಬಾರದು. ಪಂಚಮಿ ಜೋಕಾಲಿಯ ಮೇಲಂತೂ ಬೇಡವೇ ಬೇಡ.

ಹಂತ 3: ಕವರಿನಲ್ಲಿ ಒಂದು ಹೊಟ್ಟೆ

ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಕವರ್ ತೆಗೆದುಕೊಳ್ಳಿ. ಅದರಲ್ಲಿ ತೀರಾ ಮೆತ್ತಗಾದ ಬಾಳೆಹಣ್ಣು, ನಿನ್ನೆಯ ರೊಟ್ಟಿಯ ಚೂರು, ಅರ್ಧ ಲೋಟ ನೀರು, ಒಂದು ಲಿಂಬೆಹಣ್ಣಿನ ರಸ ಹಾಕಿ ಬಾಯಿ ಮುಚ್ಚಿ. ತಿನ್ನಲು ಬರುವ ಹಣ್ಣು ಹಾಕಿದರೆ ಅಜ್ಜಿ ಬೈಯುತ್ತಾರೆ, ಅದು ನ್ಯಾಯವೇ. ಮಕ್ಕಳು ಕವರನ್ನು ಹಿಚುಕಲಿ, ನಾದಲಿ. ಹೊಟ್ಟೆ ಎರಡರಿಂದ ನಾಲ್ಕು ಗಂಟೆ ಇದೇ ಕೆಲಸ ಮಾಡುತ್ತದೆ. ಎಣ್ಣೆ ಜಾಸ್ತಿ ಇದ್ದರೆ ಇನ್ನೂ ತಡ. ಸಂಜೆ ಮಿರ್ಚಿ ಭಜಿ ತಿಂದವರಿಗೆ ರಾತ್ರಿ ಊಟ ಬೇಡವಾಗುವುದು ಅದಕ್ಕೇ.

ಲಿಂಬೆರಸ ಇಲ್ಲಿ ಬದಲಿ ಪಾತ್ರ ಮಾತ್ರ. ನಿಜವಾದ ಹೊಟ್ಟೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ವಾಂತಿಯಾದಾಗ ಗಂಟಲು ಉರಿಯುವುದು ಅದರಿಂದ. ‘ಮತ್ತ ಹೊಟ್ಟಿ ತನ್ನನ್ನ ತಾನ ಯಾಕ ತಿನ್ನಂಗಿಲ್ಲ?’ ಅಂತ ಜಾಣ ಮಗುವೊಂದು ಕೇಳೇ ಕೇಳುತ್ತದೆ. ಹೊಟ್ಟೆಯ ಒಳಗೋಡೆಗೆ ದಪ್ಪಗೆ ಲೋಳೆ ಬಳಿದಿರುತ್ತದೆ. ಮೂಗಿನ ಸಿಂಬಳಕ್ಕೆ ಹತ್ತಿರದ ಸಂಬಂಧಿ. ಸಿಂಬಳದ ಮಾತು ಬಂದರೆ ಇನ್ನೊಂದು ಸುತ್ತು ನಗು ಖಚಿತ.

ಇಲ್ಲೊಂದು ನಿಜಕಥೆ ಹೇಳಿ. ಅಮೆರಿಕದಲ್ಲಿ 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವವನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ವಿಲಿಯಂ ಬೋಮಾಂಟ್ ಎಂಬ ಸೈನ್ಯದ ಡಾಕ್ಟರ್ ಆ ತೂತಿನೊಳಗೆ ಮಾಂಸ, ಬ್ರೆಡ್, ಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದ. ಹೊಟ್ಟೆಯ ರಸವೇ ಆಹಾರವನ್ನು ಕರಗಿಸುತ್ತದೆ ಅನ್ನುವುದನ್ನು ಹೀಗೆ ಕಣ್ಣಾರೆ ಕಂಡು 1833ರಲ್ಲಿ ಪುಸ್ತಕ ಬರೆದ. ಸೇಂಟ್ ಮಾರ್ಟಿನ್‌ಗೆ ಈ ಪ್ರಯೋಗಗಳು ಸಾಕುಸಾಕಾಗಿದ್ದವು. ನಡುವೆ ಒಮ್ಮೆ ಬಿಟ್ಟು ಊರಿಗೂ ಹೋಗಿದ್ದ. ಮಕ್ಕಳು ಅವನ ಪರ ನಿಲ್ಲುತ್ತಾರೆ. ನಿಲ್ಲಲಿ ಬಿಡಿ.

ಹಸಿದಾಗ ಹೊಟ್ಟೆ ‘ಗುರ್ರ್’ ಅನ್ನುವುದೂ ಇಲ್ಲೇ ಬರಲಿ. ಖಾಲಿ ಇದ್ದಾಗಲೂ ಹೊಟ್ಟೆ, ಕರುಳು ಆಗಾಗ ಹಿಚುಕಿಕೊಂಡು ಒಳಗೆಲ್ಲ ಗುಡಿಸುತ್ತವೆ. ಒಳಗೆ ಗಾಳಿ, ನೀರು ಅಷ್ಟೇ ಇರುವುದರಿಂದ ಸದ್ದು ಜೋರು.

ಹಂತ 4: ಸೀರೆ ಬಿಚ್ಚಿ ಕರುಳು ಅಳೆಯಿರಿ

ಸೀರೆ ಸುಮಾರು ಐದೂವರೆ ಮೀಟರ್ ಇರುತ್ತದೆ. ದೊಡ್ಡವರ ಸಣ್ಣಕರುಳು ಸುಮಾರು ಆರು ಮೀಟರ್. ಒಂದು ಹಳೆಯ ಇಳಕಲ್ ಸೀರೆಯನ್ನು ಪಡಸಾಲೆಯಿಂದ ಅಂಗಳದ ತನಕ ಹಾಸಿ, ಇನ್ನೊಂದು ಮೊಳ ಹಗ್ಗ ಜೋಡಿಸಿ. ಕೊನೆಗೆ ಅಜ್ಜನ ವಲ್ಲಿ ಗಂಟು ಹಾಕಿ. ಅದು ದೊಡ್ಡಕರುಳು, ಒಂದೂವರೆ ಮೀಟರ್. ಈಗ ಇಷ್ಟನ್ನೂ ಒಂದು ಶಾಲೆ ಪಾಟಿಚೀಲಕ್ಕೆ ತುಂಬಲು ಹೇಳಿ. ತುರುಕಿ, ಮಡಚಿ, ಒತ್ತಿ ತುಂಬುತ್ತಾರೆ. ಹೊಟ್ಟೆಯೊಳಗೂ ಹೀಗೇ ಮಡಚಿ ಇಟ್ಟಿದೆ ಅನ್ನಿ. ಮಕ್ಕಳದ್ದು ಇಷ್ಟು ಉದ್ದವಿರುವುದಿಲ್ಲ, ಅವರ ಜೊತೆಗೇ ಬೆಳೆಯುತ್ತದೆ.

ಆಮೇಲೆ ಕವರಿನಲ್ಲಿದ್ದ ಹೊಟ್ಟೆಯನ್ನು ತೆಳು ಪಂಚೆಯ ತುಂಡಿನ ಮೇಲೆ ಸುರಿಯಿರಿ. ಇದನ್ನು ಹಿತ್ತಲಿನಲ್ಲೇ ಮಾಡಿ. ಬಟ್ಟೆ ಹಿಂಡಿದಾಗ ಬುಟ್ಟಿಗೆ ಇಳಿಯುವ ರಸ ರಕ್ತಕ್ಕೆ ಸೇರುವ ಪಾಲು. ಬಟ್ಟೆಯಲ್ಲಿ ಉಳಿದ ಮುದ್ದೆ ದೊಡ್ಡಕರುಳಿಗೆ. ಇನ್ನಷ್ಟು ಹಿಂಡಿ, ಏಕೆಂದರೆ ದೊಡ್ಡಕರುಳಿನ ಮುಖ್ಯ ಕೆಲಸ ನೀರು ಹೀರುವುದು. ಕೊನೆಗೆ ಮುದ್ದೆಯನ್ನು ಒಂದು ಕಾಗದದ ಲೋಟಕ್ಕೆ ಹಾಕಿ, ತಳದಲ್ಲಿ ತೂತು ಮಾಡಿ, ಮೇಲಿಂದ ಒತ್ತಿ.

ಹೊರಗೆ ಏನು ಬರುತ್ತದೆ ಅಂತ ನಾನು ಬರೆಯಬೇಕಿಲ್ಲ ಅಲ್ವಾ? ಓಣಿಯ ಮಕ್ಕಳೆಲ್ಲ ಓಡಿ ಬರುತ್ತಾರೆ. ‘ಇನ್ನೊಮ್ಮೆ, ಇನ್ನೊಮ್ಮೆ’ ಅನ್ನುತ್ತಾರೆ. ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿ, ಕೈ ತೊಳೆಸಿ.

ಹಂತ 5: ಹೂಸಿನ ಪಾಠ

ಇದಕ್ಕೆ ಒಂದು ಇಡೀ ಸಂಜೆ ಎತ್ತಿಡಿ. ಮಕ್ಕಳಿಗೆ ಅತಿ ಹೆಚ್ಚು ಪ್ರಶ್ನೆ ಇರುವುದು ಇಲ್ಲೇ.

ಗಾಳಿ ಎಲ್ಲಿಂದ ಬರುತ್ತದೆ? ಒಂದು ಪಾಲು ನಾವೇ ನುಂಗಿದ್ದು, ಗಬಗಬ ಉಣ್ಣುವಾಗ, ಸೋಡಾ ಕುಡಿಯುವಾಗ. ಅದರಲ್ಲಿ ಹೆಚ್ಚಿನದು ತೇಗಾಗಿ ಮೇಲಿಂದಲೇ ವಾಪಸ್. ಇನ್ನೊಂದು ಪಾಲು ದೊಡ್ಡಕರುಳಿನಲ್ಲಿ ತಯಾರಾಗುತ್ತದೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ನಮಗೆ ಜೀರ್ಣವಾಗದೆ ಉಳಿದದ್ದು ಅವುಗಳಿಗೆ ಹಬ್ಬದೂಟ. ಮಡಕಿಕಾಳು, ಕಡಲೆ, ಅಲಸಂದಿ, ಹುರುಳಿ, ಇವುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ರಸ ಮನುಷ್ಯರ ಹೊಟ್ಟೆಯಲ್ಲಿ ಇಲ್ಲ. ಹಾಗೇ ಕೆಳಗೆ ಹೋಗುತ್ತವೆ, ಸೂಕ್ಷ್ಮಜೀವಿಗಳು ತಿನ್ನುತ್ತವೆ, ಗಾಳಿ ಬಿಡುತ್ತವೆ. ರೊಟ್ಟಿ ಜೊತೆ ಕಾಳುಪಲ್ಯ ದಿನಾ ಉಣ್ಣುವ ನಮ್ಮ ನಾಡಿನವರು ಇದಕ್ಕೆ ನಾಚಿಕೊಂಡರೆ ಹೇಗೆ? ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಗಾಳಿ ಕಡಿಮೆ. ಅಜ್ಜಿಗೆ ರಾಫಿನೋಸ್ ಗೊತ್ತಿರದಿದ್ದರೂ ಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಡುವುದು ಗೊತ್ತಿತ್ತು.

ತೋರಿಸಲು ಪ್ರಯೋಗ ಬೇಕೇ? ಖಾಲಿ ಬಾಟಲಿಯಲ್ಲಿ ಬೆಚ್ಚನೆ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ಬೇಕರಿ ಈಸ್ಟ್ ಹಾಕಿ, ಬಾಯಿಗೆ ಪುಗ್ಗಿ ಸಿಕ್ಕಿಸಿ. ಒಂದು ಗಂಟೆಯೊಳಗೆ ಪುಗ್ಗಿ ತಲೆ ಎತ್ತುತ್ತದೆ. ಈಸ್ಟ್ ಬೇರೆ ಜೀವಿ, ಕರುಳಿನಲ್ಲಿರುವವು ಬೇರೆ. ಆದರೆ ಸಕ್ಕರೆ ತಿಂದು ಗಾಳಿ ಬಿಡುವ ಚಟ ಎರಡಕ್ಕೂ ಇದೆ. ಪುಗ್ಗಿಯ ಬಾಯಿ ಎಳೆದು ಹಿಡಿದು ಗಾಳಿ ಬಿಟ್ಟಾಗ ಆಗುವ ಸದ್ದು ಎರಡನೇ ಪಾಠ. ಬಾಯಿ ಬಿಗಿಯಾಗಿ ಹಿಡಿದರೆ ‘ಪೀ’, ಸಡಿಲ ಬಿಟ್ಟರೆ ‘ಬರ್ರ್’. ಸದ್ದು ಹೊಟ್ಟೆಯಿಂದ ಬರುವುದಿಲ್ಲ, ಬಾಗಿಲು ನಡುಗಿ ಬರುತ್ತದೆ.

ವಾಸನೆಯ ಲೆಕ್ಕ ಇನ್ನೂ ಮಜಾ. ಸಾರಜನಕ, ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್, ಇವು ಯಾವುದಕ್ಕೂ ವಾಸನೆ ಇಲ್ಲ. ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ಗಂಧಕದ ಅನಿಲಗಳು ಇಡೀ ಕೋಣೆ ಖಾಲಿ ಮಾಡಿಸುತ್ತವೆ. ಮೊಟ್ಟೆ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೋಸು ಇವುಗಳಲ್ಲಿ ಗಂಧಕ ಜಾಸ್ತಿ. ಮೀಥೇನ್ ಅಂದಾಗ ಹಳ್ಳಿಯ ಗೋಬರ್ ಗ್ಯಾಸ್ ತೋರಿಸಿ. ಒಲೆಯಲ್ಲಿ ನೀಲಿಯಾಗಿ ಉರಿಯುವುದು ಅದೇ ಅನಿಲ. ‘ಎಮ್ಮಿ ಸಗಣಿಯಿಂದ ಚಾ ಆತು’ ಅಂತ ಮಕ್ಕಳು ವಾರವಿಡೀ ಊರಿಗೆಲ್ಲ ಸಾರುತ್ತಾರೆ.

ದಿನಕ್ಕೆ ಹತ್ತರಿಂದ ಇಪ್ಪತ್ತು ಸಲ ಗಾಳಿ ಹೋಗುವುದು ಸಹಜ. ಶಾಲೆಯ ಹೆಡ್‌ಮಾಸ್ತರಿಗೂ ಹೋಗುತ್ತದೆ, ಟಿವಿಯಲ್ಲಿ ಬರುವ ಹೀರೋಗೂ ಹೋಗುತ್ತದೆ. ಇದನ್ನು ತಪ್ಪದೆ ಹೇಳಿ. ಜೊತೆಗೆ ಮನೆಯ ನಿಯಮ: ಊಟದ ಪಂಕ್ತಿಯಲ್ಲಿ ಬಂದರೆ ಎದ್ದು ಹೋಗಿ ಬಿಟ್ಟು ಬಾ. ತಪ್ಪಿ ಹೋದರೆ ‘ಸಾರಿ’ ಅಂದರೆ ಸಾಕು. ಯಾರು ಬಿಟ್ಟರು ಅಂತ ತನಿಖೆ ಮಾಡುವುದು ಬೇಡ. ಮಾಡಿದರೂ ಎಲ್ಲ ಮನೆಗಳಲ್ಲೂ ತಪ್ಪು ಕೊನೆಗೆ ನಾಯಿಯ ತಲೆಗೇ ಬರುತ್ತದೆ.

ಬಿಕ್ಕಳಿಕೆಗೆ ಇಷ್ಟು ದೊಡ್ಡ ಪಾಠ ಬೇಡ. ಎದೆಗೂ ಹೊಟ್ಟೆಗೂ ನಡುವಿನ ವಪೆ ತಾನಾಗಿ ಎಳೆದುಕೊಂಡಾಗ ಬರುತ್ತದೆ. ಅಜ್ಜಿ ‘ಯಾರೋ ನೆನಸಾಕತ್ತಾರ’ ಅಂದರೆ ಅದನ್ನೂ ಇರಗೊಡಿ, ಜಗಳ ಬೇಡ.

ಹಂತ 6: ಎದ್ದ ಮೇಲೆ ಹಿಂತಿರುಗಿ ನೋಡುವುದು

ಹಾವೇರಿ ಕಡೆ ಗೋವಿನಜೋಳಕ್ಕೆ ಬರವಿಲ್ಲ. ಮಗುವಿಗೆ ಒಂದು ಬೇಯಿಸಿದ ತೆನೆ ಕೊಡಿ, ತಿಂದ ಹೊತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಕಾಳಿನ ಹಳದಿ ಸಿಪ್ಪೆ ಸೆಲ್ಯುಲೋಸ್. ನಮಗೆ ಕರಗುವುದಿಲ್ಲ. ಅದು ಹೊರಬಂದು ಕಂಡ ದಿನ ಮತ್ತೆ ಬರೆಯಿರಿ. ಹೆಚ್ಚಿನವರಲ್ಲಿ ಒಂದರಿಂದ ಮೂರು ದಿನದೊಳಗೆ ಪ್ರಯಾಣ ಮುಗಿಯುತ್ತದೆ. ‘ಬಂತು! ಬಂತು!’ ಅಂತ ಸಂಡಾಸಿನಿಂದ ಕೂಗು ಬಂದರೆ ಓಡಿ ಹೋಗಿ ನೋಡಿ, ಬೇಸರ ಪಡಬೇಡಿ. ಬೀಟ್‌ರೂಟ್ ಪಲ್ಯದಿಂದಲೂ ಇದೇ ಆಟ ಆಡಬಹುದು. ಕೆಂಪು ನೋಡಿ ಹೆದರಬಾರದು ಅಂತ ಮೊದಲೇ ಹೇಳಿರಿ.

ಬಣ್ಣ ಕಂದು ಯಾಕೆ? ಹಳೆಯ ರಕ್ತಕಣಗಳು ಒಡೆದಾಗ ಬರುವ ಬಣ್ಣ ಪಿತ್ತದ ಜೊತೆ ಕರುಳಿಗೆ ಇಳಿದು, ಸೂಕ್ಷ್ಮಜೀವಿಗಳ ಕೈಯಲ್ಲಿ ಕಂದಾಗುತ್ತದೆ. ಮಲದ ಮುಕ್ಕಾಲು ಪಾಲು ಬರೀ ನೀರು. ಉಳಿದದ್ದರಲ್ಲೂ ದೊಡ್ಡ ಪಾಲು ಸೂಕ್ಷ್ಮಜೀವಿಗಳೇ.

ಗಟ್ಟಿ-ಸಡಿಲದ ಪಾಠಕ್ಕೆ ಮಣ್ಣೆತ್ತಿನ ಅಮಾವಾಸ್ಯೆಗಿಂತ ಒಳ್ಳೆ ದಿನವಿಲ್ಲ. ಎತ್ತು, ಗ್ವಾದಲಿ ಮಾಡಿ ಉಳಿದ ಎರೆಮಣ್ಣಿನಲ್ಲಿ ಮಕ್ಕಳಿಂದ ಮಾದರಿ ಮಾಡಿಸಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಡಾಕ್ಟರುಗಳು ಮಲವನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಆ ಚಾರ್ಟು 1997ರಲ್ಲಿ ಪ್ರಕಟವಾಯಿತು, ಇವತ್ತಿಗೂ ಡಾಕ್ಟರುಗಳು ಬಳಸುತ್ತಾರೆ. ಮಕ್ಕಳಿಗೆ ಏಳೂ ಬೇಡ, ಮೂರು ಸಾಕು. ಆಡಿನ ಹಿಕ್ಕಿಯಂತೆ ಬಿಡಿಬಿಡಿ ಉಂಡೆ ಬಂದರೆ ನೀರು, ಸೊಪ್ಪು, ಹಣ್ಣು ಕಡಿಮೆಯಾಗಿದೆ. ಉದ್ದಕ್ಕೆ, ನುಣ್ಣಗೆ, ತಿಣುಕದೆ ಬಂದರೆ ಶಭಾಷ್. ಬರೀ ನೀರಾದರೆ ಅವ್ವನಿಗೆ ತಕ್ಷಣ ಹೇಳು. ಮಣ್ಣಿನ ಎತ್ತಿಗೆ ಪೂಜೆ ಮುಗಿಯುವ ತನಕ ಈ ಮಾದರಿಗಳನ್ನು ಸ್ವಲ್ಪ ದೂರ ಇಡಿ!

ಅದೇ ದಿನ ನಿಜವಾದ ಎತ್ತನ್ನೂ ತೋರಿಸಿ. ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆ. ನುಂಗಿದ ಹುಲ್ಲನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ‘ಅಂದ್ರ ಉಂಡಿದ್ದ ಮತ್ತೊಮ್ಮೆ ಉಣ್ಣತೈತಿ?’ ಹೌದು, ನಮಗೆ ಕರಗದ ಸೆಲ್ಯುಲೋಸ್ ಅದಕ್ಕೆ ಕರಗುವುದು ಇದರಿಂದ, ಮತ್ತೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ.

ಹಂತ 7: ಕೂರುವ ರೂಢಿ

ಇಲ್ಲಿ ಜೋಕು ಕಡಿಮೆ, ಕೆಲಸ ಜಾಸ್ತಿ. ಉಂಡ ಮೇಲೆ ದೊಡ್ಡಕರುಳು ತಾನಾಗಿ ಚುರುಕಾಗುತ್ತದೆ. ಅದಕ್ಕೆ ನಾಷ್ಟಾ ಆದ ಮೇಲೆ ಐದು-ಹತ್ತು ನಿಮಿಷ ಕೂರಿಸಿ, ಬಂದರೂ ಸರಿ, ಬರದಿದ್ದರೂ ಸರಿ. ಮೊಬೈಲ್ ಬೇಡ. ಕುಕ್ಕರುಗಾಲಿನಲ್ಲಿ ಕೂತಾಗ ಗುದದ ದಾರಿ ನೆಟ್ಟಗಾಗಿ ಸಲೀಸಾಗಿ ಹೋಗುತ್ತದೆ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ.

ಬಹಳ ಮಕ್ಕಳು ಶಾಲೆಯ ಸಂಡಾಸು ಹೊಲಸು ಅಂತ ತಡೆಹಿಡಿಯುತ್ತಾರೆ. ತಡೆದಷ್ಟೂ ಕರುಳು ನೀರು ಹೀರುತ್ತದೆ, ಗಟ್ಟಿಯಾಗುತ್ತದೆ, ನೋಯುತ್ತದೆ. ನೋವಿಗೆ ಹೆದರಿ ಮತ್ತೆ ತಡೆಯುತ್ತಾರೆ. ಹಾಲು-ಬಿಸ್ಕೀಟಿನಲ್ಲೇ ಹೊಟ್ಟೆ ತುಂಬಿಸುವ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ಮಗು ಶಾಲೆಯಲ್ಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿ ನೀರು ಇದೆಯೇ, ಚಿಲಕ ಇದೆಯೇ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ಉಚ್ಚೆಯ ಪಾಠ ಚಿಕ್ಕದು. ದೊಡ್ಡವರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೆರಡು ಲೀಟರ್ ಮಾತ್ರ ಹೊರಬಿಡುತ್ತವೆ. ಬಣ್ಣ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ನೀರು ಕುಡಿ. ಗದಗಿನ ಏಪ್ರಿಲ್ ಬಿಸಿಲಿಗೆ ಈ ಒಂದು ಸೂತ್ರ ಸಾಕು.

ಹಂತ 8: ಕೈ, ಜಂತು, ಭೇದಿ

ನಮ್ಮಲ್ಲಿ ಹಲವು ಬಡಾವಣೆಗೆ ನಳದ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ. ಉಳಿತಾಯ ಮಾಡುವಾಗ ಮೊದಲು ಕತ್ತರಿ ಬೀಳುವುದು ಕೈ ತೊಳೆಯುವುದಕ್ಕೆ. ಹಾಗಾಗಬಾರದು. ಬಾಟಲಿ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ತೂಗುಹಾಕಿದರೆ ಒಂದು ಬಾಟಲಿಯಲ್ಲಿ ಬಹಳ ಕೈ ತೊಳೆಯಬಹುದು. ಸೋಪು ಕಡ್ಡಾಯ, ಇಪ್ಪತ್ತು ಸೆಕೆಂಡು.

ಜಂತುಹುಳದ ಮಾತ್ರೆಯನ್ನು ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಉಚಿತವಾಗಿ ಕೊಡುತ್ತಾರೆ. ಅಲ್ಬೆಂಡಜೋಲ್ ಅಂತ ಹೆಸರು, ಅಗಿದು ನುಂಗಬೇಕು. ಆ ದಿನ ಮಗುವನ್ನು ತಪ್ಪಿಸಬೇಡಿ. ಭೇದಿಯಾದರೆ ಓಆರ್‌ಎಸ್: ಒಂದು ಲೀಟರಿನ ಪೊಟ್ಟಣ ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ. ಅರ್ಧ ಪುಡಿ, ಅಂದಾಜು ನೀರು ಅನ್ನುವ ಲೆಕ್ಕ ಬೇಡ. ಚಮಚ ಚಮಚವಾಗಿ ಕುಡಿಸಿ. ಮಲದಲ್ಲಿ ರಕ್ತ, ಡಾಂಬರಿನ ಕಪ್ಪು ಅಥವಾ ಸುಣ್ಣದ ಬಿಳಿ ಬಣ್ಣ, ಬಿಡದ ಹೊಟ್ಟೆನೋವು, ಮಗು ಮಂಕಾಗುವುದು, ಉಚ್ಚೆ ನಿಲ್ಲುವುದು ಕಂಡರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ನಗೆಗೆ ಎಲ್ಲಿ ಬೇಲಿ

ದೇಹವನ್ನು ನೋಡಿ ನಗಬಹುದು, ಒಬ್ಬರನ್ನು ನೋಡಿ ನಗಬಾರದು. ಹಾಸಿಗೆ ಒದ್ದೆ ಮಾಡುವ ಮಗು, ತರಗತಿಯಲ್ಲಿ ಭೇದಿಯಾದ ಮಗು, ಸಂಡಾಸಿಗೆ ಸಹಾಯ ಬೇಕಾಗುವ ಮುದುಕರು, ಇವರ ಮೇಲೆ ಜೋಕು ಬಿದ್ದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ಮಾತು ಅಷ್ಟೇ ಮುಖ್ಯ. ಗಟಾರ, ಸಂಡಾಸು ಸ್ವಚ್ಛ ಮಾಡುವವರ ಮೇಲೆ, ಅವರ ಜಾತಿಯ ಮೇಲೆ ಮೂಗು ಮುರಿಯುವ ಮಾತು ಮಕ್ಕಳ ಬಾಯಿಗೆ ದೊಡ್ಡವರಿಂದಲೇ ಬರುತ್ತದೆ. ಮನುಷ್ಯರಿಂದ ಮಲ ಬಾಚಿಸುವುದು 2013ರ ಕಾಯ್ದೆಯಲ್ಲಿ ಅಪರಾಧ. ‘ನಾವು ಮಾಡಿದ್ದನ್ನ ಯಾರು ಸ್ವಚ್ಛ ಮಾಡತಾರ?’ ಅಂತ ಮಗು ಕೇಳಿದರೆ ನೇರವಾಗಿ ಉತ್ತರ ಕೊಡಿ.

ಕೊನೆಗೆ ಮಕ್ಕಳು ಕೇಳುವ ಪ್ರಶ್ನೆಗಳು

‘ಕಲ್ಲಂಗಡಿ ಬೀಜ ನುಂಗಿದ್ರ ಹೊಟ್ಟ್ಯಾಗ ಬಳ್ಳಿ ಬೆಳೀತೈತಿ?’ ಇಲ್ಲ. ಅದೂ ಗೋವಿನಜೋಳದ ದಾರಿಯಲ್ಲೇ ಹೊರಗೆ. ‘ಚೂಯಿಂಗ್ ಗಮ್ ವರ್ಷಗಟ್ಟಲೆ ಅಂಟಿಕೊಂಡಿರತೈತಿ?’ ಇಲ್ಲ. ‘ಸೆಲ್ ನುಂಗಿದ್ರ?’ ಇಲ್ಲಿ ನಗು ನಿಲ್ಲಬೇಕು. ಆಟಿಕೆಯ ಗುಂಡು ಬ್ಯಾಟರಿ, ಅಯಸ್ಕಾಂತ ನುಂಗಿದರೆ ಹೊರಗೆ ಬರಲಿ ಅಂತ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು. ‘ಖಾರ ತಿಂದ್ರ ಮರುದಿನ ಅಲ್ಲೂ ಯಾಕ ಉರೀತೈತಿ?’ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಪೂರ್ತಿ ಕರಗುವುದಿಲ್ಲ, ಬಾಯಲ್ಲಿ ಉರಿ ತಿಳಿಸುವ ನರಗಳೇ ಅಲ್ಲೂ ಇವೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಸೌಮ್ಯ. ಹಾಗಾಗಿ ತಪ್ಪನ್ನು ಅದರ ಮೇಲೆ ಹೊರಿಸಬೇಡಿ.

‘ದೇವ್ರೂ ಹೂಸ ಬಿಡತಾನೇನು?’ ಅಂತ ಒಬ್ಬರಾದರೂ ಕೇಳುತ್ತಾರೆ. ಅದನ್ನು ನೇರವಾಗಿ ಅಜ್ಜನ ಕಡೆ ಕಳಿಸಿಬಿಡಿ.